ವೆಲ್ಲೆಸ್ಲಿ ಮನೆತನ: ಒಂದೇ ಹೆಸರಿನ ಇಷ್ಟೊಂದು ಜನರನ್ನು ವಂಶವೃಕ್ಷದಲ್ಲಿ ಬೇರ್ಪಡಿಸುವುದು ಹೇಗೆ?

ಕಾವೇರಿತೀರ

ನಾಲ್ಕನೇ ಮೈಸೂರು ಯುದ್ಧದ ಕಾಗದಪತ್ರ ತೆರೆದರೆ ನಾಲ್ಕು ಹೆಸರು ಪದೇ ಪದೇ ಎದುರಾಗುತ್ತವೆ: ಲಾರ್ಡ್ ಮಾರ್ನಿಂಗ್ಟನ್, ಕರ್ನಲ್ ವೆಲ್ಲೆಸ್ಲಿ, ಮಾರ್ಕ್ವೆಸ್ ವೆಲ್ಲೆಸ್ಲಿ, ಹೆನ್ರಿ ವೆಲ್ಲೆಸ್ಲಿ. ಕನ್ನಡದ ಬರಹಗಳಲ್ಲಿ ಇವರೆಲ್ಲ ಒಟ್ಟಾಗಿ ಬರೀ ‘ವೆಲ್ಲೆಸ್ಲಿ’ ಆಗಿಬಿಡುತ್ತಾರೆ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು, ವಾಟರ್‌ಲೂ ಕದನದಲ್ಲಿ ನೆಪೋಲಿಯನ್‌ನನ್ನು ಗೆದ್ದವನ ತಲೆಗೆ ಕಟ್ಟಿದ ಬರಹಗಳೂ ಇವೆ. ಈ ಮನೆತನದ ವಂಶಾವಳಿಯನ್ನು ಬುಡದಿಂದ ತಪ್ಪಿಲ್ಲದೆ ಬರೆಯಬೇಕು. ತಿಳಿದವರು ದಯವಿಟ್ಟು ಎಲ್ಲಿಂದ ಶುರು ಮಾಡಬೇಕು, ಎಲ್ಲೆಲ್ಲಿ ಕಾಲು ಜಾರುತ್ತದೆ ಹೇಳಿ.

ಹಳೇಕಡತ

ಕಾವೇರಿತೀರ ಅವರೇ, ಮೊದಲು ನಿಮ್ಮ ನಾಲ್ಕು ಹೆಸರು ಬಿಡಿಸುತ್ತೇನೆ. ಅಲ್ಲಿರುವುದು ಮೂರೇ ಜನ, ಮೂವರೂ ಒಡಹುಟ್ಟಿದವರು.

ಲಾರ್ಡ್ ಮಾರ್ನಿಂಗ್ಟನ್ ಮತ್ತು ಮಾರ್ಕ್ವೆಸ್ ವೆಲ್ಲೆಸ್ಲಿ ಒಬ್ಬನೇ. ಹಿರಿಯಣ್ಣ ರಿಚರ್ಡ್ (1760–1842), 1798ರಿಂದ 1805ರವರೆಗೆ ಗವರ್ನರ್ ಜನರಲ್. 1781ರಲ್ಲಿ ತಂದೆ ತೀರಿಕೊಂಡಾಗ ಅರ್ಲ್ ಆಫ್ ಮಾರ್ನಿಂಗ್ಟನ್ ಪದವಿ ಅವನಿಗೆ ಬಂತು (ಬ್ರಿಟಿಷ್ ಕುಲೀನ ಪದವಿಗಳು ಕೆಳಗಿನಿಂದ ಮೇಲಕ್ಕೆ ಬ್ಯಾರನ್, ವೈಕೌಂಟ್, ಅರ್ಲ್, ಮಾರ್ಕ್ವೆಸ್, ಡ್ಯೂಕ್). ಮಾರ್ಕ್ವೆಸ್ ಪದವಿ ಸಿಕ್ಕಿದ್ದು 1799ರ ಡಿಸೆಂಬರಿನಲ್ಲಿ, ಅಂದರೆ ಟಿಪ್ಪು ಮಡಿದ ಏಳು ತಿಂಗಳ ಮೇಲೆ. ಆದ್ದರಿಂದ 1799ರ ಯುದ್ಧದ ಪತ್ರದಲ್ಲಿ ‘ಲಾರ್ಡ್ ಮಾರ್ನಿಂಗ್ಟನ್’ ಎಂದಿದ್ದರೆ ಗವರ್ನರ್ ಜನರಲ್. 1800ರಿಂದ ಈಚೆಗೆ ‘ಲಾರ್ಡ್ ವೆಲ್ಲೆಸ್ಲಿ’ ಎಂದಿದ್ದರೂ ಅವನೇ.

ಕರ್ನಲ್ ವೆಲ್ಲೆಸ್ಲಿ ಅವನ ತಮ್ಮ ಆರ್ಥರ್ (1769–1852), 33ನೇ ಪದಾತಿ ರೆಜಿಮೆಂಟಿನವನು, ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು, ವಾಟರ್‌ಲೂ ಗೆದ್ದವನು. ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಿದ್ದದ್ದು ಈತ. ಹೆನ್ರಿ (1773–1847) ಎಲ್ಲರಿಗಿಂತ ಕಿರಿಯ. 1799ರ ಮೈಸೂರು ಕಮಿಷನ್ನಿನಲ್ಲಿ ಜನರಲ್ ಹ್ಯಾರಿಸ್, ಆರ್ಥರ್, ಹೆನ್ರಿ, ವಿಲಿಯಂ ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್ ಹೀಗೆ ಐವರಿದ್ದರು. ಮದ್ರಾಸಿನಲ್ಲಿ ಕುಳಿತು ಅವರನ್ನು ನೇಮಿಸಿದವನು ರಿಚರ್ಡ್. ಮೈಸೂರನ್ನು ಹಂಚುವ ಕೆಲಸದಲ್ಲಿ ಒಂದೇ ತಾಯಿಯ ಮೂವರು ಮಕ್ಕಳ ಕೈಯಿತ್ತು.

ಸೇತುವೆಯದು ಸುಲಭ. ಅದು ದಿವಾನ್ ಪೂರ್ಣಯ್ಯನವರ ಕಾಲದ್ದು, ಮುಗಿದದ್ದು 1804ರಲ್ಲಿ, ಹೆಸರು ಮಾರ್ಕ್ವೆಸ್ ವೆಲ್ಲೆಸ್ಲಿಯದು. ಆ ವರ್ಷ ಮಾರ್ಕ್ವೆಸ್ ಅನ್ನಿಸಿಕೊಂಡಿದ್ದವನು ರಿಚರ್ಡ್ ಒಬ್ಬನೇ. ಆರ್ಥರ್ ಆಗ ಮೇಜರ್ ಜನರಲ್, ಅದೇ ವರ್ಷ ‘ಸರ್’ ಆದ.

ತಾಳೆಗರಿ

ಬುಡದ ವಿಷಯ ನಾನು ಹೇಳುತ್ತೇನೆ. ಹೆಚ್ಚಿನ ವಂಶಾವಳಿಗಳು ಮೊದಲ ಸಾಲಿನಲ್ಲೇ ಕೆಡುತ್ತವೆ. ಗಂಡು ಸಾಲಿನಲ್ಲಿ ಹಿಂದಕ್ಕೆ ಹೋದರೆ ಇವರು ವೆಲ್ಲೆಸ್ಲಿಗಳೇ ಅಲ್ಲ, ಕಾಲಿ ಮನೆತನದವರು. ಇಂಗ್ಲೆಂಡಿನ ರಟ್ಲಂಡ್ ಕಡೆಯಿಂದ ಐರ್ಲೆಂಡಿಗೆ ಹೋಗಿ ಕಿಲ್ಡೇರ್ ಕೌಂಟಿಯ ಕಾಸಲ್ ಕಾರ್ಬರಿಯಲ್ಲಿ ನೆಲೆ ನಿಂತವರು.

ಮೀತ್ ಕೌಂಟಿಯ ಡಾಂಗನ್‌ನಲ್ಲಿ ಗ್ಯಾರೆಟ್ ವೆಸ್ಲಿ ಎಂಬ ಜಮೀನುದಾರನಿದ್ದ. ಮಕ್ಕಳಿಲ್ಲದೆ 1728ರಲ್ಲಿ ತೀರಿಕೊಂಡ. ಆಸ್ತಿಯನ್ನು ನೆಂಟ ರಿಚರ್ಡ್ ಕಾಲಿಗೆ ಬರೆದಿಟ್ಟ, ಒಂದು ಷರತ್ತಿನ ಮೇಲೆ: ವೆಸ್ಲಿ ಎಂಬ ಕುಲನಾಮವನ್ನೂ ಲಾಂಛನವನ್ನೂ ಅವನು ಧರಿಸಬೇಕು. ರಿಚರ್ಡ್ ಕಾಲಿ ಹೀಗೆ ರಿಚರ್ಡ್ ವೆಸ್ಲಿಯಾದ. ನಮ್ಮಲ್ಲಿ ದತ್ತು ಹೋದವನು ಮನೆಹೆಸರು ಬದಲಿಸುವುದನ್ನು ನೆನೆಸಿಕೊಂಡರೆ ಬೇಗ ಅರ್ಥವಾಗುತ್ತದೆ, ಆದರೆ ಇಲ್ಲಿ ದತ್ತುಶಾಸ್ತ್ರವೇನೂ ನಡೆಯಲಿಲ್ಲ, ಬರೀ ಉಯಿಲು. ಹಾಗಾಗಿ ಚಿತ್ರದಲ್ಲಿ ರಿಚರ್ಡನನ್ನು ಗ್ಯಾರೆಟ್ ವೆಸ್ಲಿಯ ಮಗನ ಜಾಗದಲ್ಲಿ ಕೂರಿಸಬಾರದು. ಅಡ್ಡಕ್ಕೆ ಚುಕ್ಕೆಗೆರೆ ಎಳೆದು ‘ಆಸ್ತಿ ಮತ್ತು ಹೆಸರು, 1728’ ಎಂದು ಬರೆಯಿರಿ.

ಈ ರಿಚರ್ಡ್ 1746ರಲ್ಲಿ ಬ್ಯಾರನ್ ಮಾರ್ನಿಂಗ್ಟನ್ ಆದ, 1758ರಲ್ಲಿ ಹೋದ. ಅವನ ಮಗನ ಹೆಸರೂ ಗ್ಯಾರೆಟ್ (1735–1781). ಈ ಗ್ಯಾರೆಟ್ ಸಂಗೀತ ರಚನಕಾರ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ, 1760ರಲ್ಲಿ ಅರ್ಲ್ ಆದವನು. ಅವನ ಹೆಂಡತಿ ಆನ್ ಹಿಲ್, ವೈಕೌಂಟ್ ಡಂಗ್ಯಾನನ್ನನ ಮಗಳು. ದೊಡ್ಡವರಾದ ಮಕ್ಕಳಲ್ಲಿ ಐವರು ಗಂಡುಮಕ್ಕಳನ್ನು ವಯಸ್ಸಿನ ಕ್ರಮದಲ್ಲೇ ಬರೆದುಕೊಳ್ಳಿ: ರಿಚರ್ಡ್, ವಿಲಿಯಂ, ಆರ್ಥರ್, ಜೆರಾಲ್ಡ್ ವಲೇರಿಯನ್, ಹೆನ್ರಿ. ಈ ಕ್ರಮ ಮುಂದೆ 1863ರಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಮಾತು. ‘ವೆಸ್ಲಿ’ ಮತ್ತೆ ‘ವೆಲ್ಲೆಸ್ಲಿ’ ಆದದ್ದು ಈ ಮಕ್ಕಳ ಕಾಲದಲ್ಲಿ. ಅಣ್ಣ ಮೊದಲು ಶುರು ಮಾಡಿದ. ಆರ್ಥರ್ ತನ್ನ ಸಹಿಯನ್ನು ವೆಲ್ಲೆಸ್ಲಿ ಎಂದು ಬದಲಿಸಿದ್ದು 1798ರ ಮೇ ತಿಂಗಳಲ್ಲಿ, ಆಗ ಅವನು ಭಾರತದಲ್ಲೇ ಇದ್ದ. 1787ರಿಂದ 1797ರವರೆಗಿನ ಸೈನ್ಯದ ಪಟ್ಟಿಗಳಲ್ಲಿ ವೆಲ್ಲೆಸ್ಲಿ ಎಂದು ಹುಡುಕಿದರೆ ಅವನು ಸಿಗುವುದಿಲ್ಲ, ವೆಸ್ಲಿ ಎಂದು ಹುಡುಕಬೇಕು.

ಕಾವೇರಿತೀರ

ಬಹಳ ಉಪಕಾರವಾಯಿತು ತಾಳೆಗರಿ ಅವರೇ. ಕೆಲವು ಕಡೆ 1799ರ ಪ್ರಸಂಗದಲ್ಲೇ ‘ಲಾರ್ಡ್ ಆರ್ಥರ್ ವೆಲ್ಲೆಸ್ಲಿ’ ಎಂದು ಬರೆದಿರುತ್ತಾರಲ್ಲ, ಅದು ಸರಿಯೇ?

ಹಳೇಕಡತ

ತಪ್ಪು. ಯಾವ ಕಾಲಕ್ಕೂ ತಪ್ಪು.

ಡ್ಯೂಕ್ ಅಥವಾ ಮಾರ್ಕ್ವೆಸನ ಕಿರಿಯ ಗಂಡುಮಕ್ಕಳಿಗೆ ಮಾತ್ರ ಹೆಸರಿನ ಹಿಂದೆ ‘ಲಾರ್ಡ್’ ಸೇರುತ್ತದೆ. ಆರ್ಥರನ ತಂದೆ ಅರ್ಲ್. ಅರ್ಲನ ಕಿರಿಯ ಮಗ ‘ಆನರಬಲ್’ ಅಷ್ಟೇ. 1799ರಲ್ಲಿ ಅವನು ಕರ್ನಲ್ ದಿ ಆನರಬಲ್ ಆರ್ಥರ್ ವೆಲ್ಲೆಸ್ಲಿ, 1804ರಿಂದ ಸರ್ ಆರ್ಥರ್, 1809ರಲ್ಲಿ ತಲವೇರಾ ಕದನದ ಮೇಲೆ ವೈಕೌಂಟ್ ವೆಲ್ಲಿಂಗ್ಟನ್. 1812ರ ಫೆಬ್ರವರಿಯಲ್ಲಿ ಅರ್ಲ್, ಅದೇ ಅಕ್ಟೋಬರಿನಲ್ಲಿ ಮಾರ್ಕ್ವೆಸ್, 1814ರ ಮೇಯಲ್ಲಿ ಡ್ಯೂಕ್. ವೈಕೌಂಟ್ ಆದ ಮೇಲೆ ‘ಲಾರ್ಡ್ ವೆಲ್ಲಿಂಗ್ಟನ್’ ಸರಿ, ಏಕೆಂದರೆ ಅಲ್ಲಿ ಲಾರ್ಡ್ ಅಂಟಿಕೊಂಡಿರುವುದು ಪದವಿಗೆ, ಹೆಸರಿಗಲ್ಲ. ಅವನ ಎರಡನೆಯ ಮಗನನ್ನು ‘ಲಾರ್ಡ್ ಚಾರ್ಲ್ಸ್’ ಎನ್ನುವುದೂ ಸರಿ, ಅವನು ಡ್ಯೂಕನ ಮಗ.

ಹೆಣ್ಣುಮಕ್ಕಳ ಲೆಕ್ಕ ಬೇರೆ. ಅರ್ಲನ ಮಗಳಿಗೂ ‘ಲೇಡಿ’ ಸಲ್ಲುತ್ತದೆ. ಹಾಗಾಗಿ ಅಕ್ಕ ಲೇಡಿ ಆನ್, ತಮ್ಮ ಬರೀ ಆನರಬಲ್ ಆರ್ಥರ್.

‘ವೆಲ್ಲಿಂಗ್ಟನ್’ ಎಂಬ ಹೆಸರು ಆರಿಸಿದವನು ಆರ್ಥರನೂ ಅಲ್ಲ. ಅವನು ಯುದ್ಧಭೂಮಿಯಲ್ಲಿದ್ದ. ಲಂಡನ್ನಿನಲ್ಲಿದ್ದ ಅಣ್ಣ ವಿಲಿಯಂ, ಮನೆತನದ ಹೆಸರಿಗೆ ಹತ್ತಿರ ಕೇಳಿಸುವ ಸಾಮರ್ಸೆಟ್ಟಿನ ಊರೊಂದನ್ನು ಹುಡುಕಿ ಇಟ್ಟ.

ಟಂಕಶಾಲೆ

ವಿಲಿಯಂ ಹೆಸರು ಬಂದಿತು, ಆದ್ದರಿಂದ ಸೇರಿಸುತ್ತೇನೆ. ನಾಣ್ಯ ಸಂಗ್ರಹಿಸುವವರಿಗೆ ಈ ಮನೆತನದಲ್ಲಿ ಮುಖ್ಯನಾದವನು ಇವನೇ. 1778ರಲ್ಲಿ ಬ್ಯಾಲಿಫಿನ್‌ನ ವಿಲಿಯಂ ಪೋಲ್ ಎಂಬ ನೆಂಟನ ಆಸ್ತಿ ಬಂದು ವೆಸ್ಲಿ-ಪೋಲ್ ಆದ, ಆಮೇಲೆ ವೆಲ್ಲೆಸ್ಲಿ-ಪೋಲ್. ಆಸ್ತಿಯ ಹಿಂದೆಯೇ ಹೆಸರು ಬಂದದ್ದು ಇದು ಎರಡನೇ ಸಲ. 1814ರಿಂದ 1823ರವರೆಗೆ ಟಂಕಶಾಲೆಯ ಮುಖ್ಯಸ್ಥ. ಬ್ರಿಟನ್ನಿನ ಬೆಳ್ಳಿ ನಾಣ್ಯಗಳನ್ನೆಲ್ಲ ಹೊಸದಾಗಿ ಅಚ್ಚು ಹಾಕಿದ 1816ರ ದೊಡ್ಡ ಕೆಲಸ ಅವನ ಕೈಕೆಳಗೇ ನಡೆದದ್ದು. 1817ರ ಹಾಫ್ ಕ್ರೌನ್ ಸಿಕ್ಕರೆ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಹಿಂಬದಿ ನೋಡಿ. ಡಬ್ಲ್ಯೂ, ಡಬ್ಲ್ಯೂ, ಪಿ ಎಂಬ ಮೂರು ಸಣ್ಣ ಅಕ್ಷರ ಕೊರೆದಿರುತ್ತದೆ, ಅವನ ಹೆಸರಿನ ಮೊದಲಕ್ಷರಗಳು. ಸವೆದ ನಾಣ್ಯದಲ್ಲಿ ಮೊದಲು ಮಾಸುವುದೂ ಇವೇ.

ಅವನ ಮಗಳು ಎಮಿಲಿಯನ್ನು ಮದುವೆಯಾದವನು ಫಿಟ್ಜ್‌ರಾಯ್ ಸಾಮರ್ಸೆಟ್, ವಾಟರ್‌ಲೂನಲ್ಲಿ ಬಲಗೈ ಕಳೆದುಕೊಂಡು ಮುಂದೆ ಲಾರ್ಡ್ ರ‍್ಯಾಗ್ಲನ್ ಎಂದು ಕ್ರೈಮಿಯಾ ಯುದ್ಧ ನಡೆಸಿದವನು.

ತೆರೆದಬಾಗಿಲು

ವಿಲಿಯಮನ ಮಗನ ಕಥೆ ಹೇಳದಿದ್ದರೆ 1863ರ ತಿರುವು ಗೊತ್ತಾಗುವುದಿಲ್ಲ. ಈ ಮಗನ ಹೆಸರೂ ವಿಲಿಯಂ (1788–1857). 1812ರಲ್ಲಿ ಕ್ಯಾಥರೀನ್ ಟಿಲ್ನಿ-ಲಾಂಗ್ ಎಂಬ ದೊಡ್ಡ ಆಸ್ತಿಯ ಒಡತಿಯನ್ನು ಮದುವೆಯಾಗಿ ಪೋಲ್-ಟಿಲ್ನಿ-ಲಾಂಗ್-ವೆಲ್ಲೆಸ್ಲಿ ಎಂದು ನಾಲ್ಕು ಕುಲನಾಮ ಹೊತ್ತವನು. ಎಸೆಕ್ಸಿನ ವಾನ್‌ಸ್ಟೆಡ್ ಹೌಸ್ ಎಂಬ ಅರಮನೆಯಂಥ ಮನೆ ಆ ಹೆಂಗಸಿನದು. ಗಂಡ ಸಾಲದ ಮೇಲೆ ಸಾಲ ಮಾಡಿದ. 1822ರಲ್ಲಿ ಮನೆಯೊಳಗಿನ ಸಾಮಾನೆಲ್ಲ ಹರಾಜಾಯಿತು, ಎರಡು ಮೂರು ವರ್ಷದಲ್ಲಿ ಕಟ್ಟಡವನ್ನೇ ಕೆಡವಿ ಕಲ್ಲುಮರ ಮಾರಿದರು. ಕ್ಯಾಥರೀನ್ 1825ರಲ್ಲಿ ತೀರಿಕೊಂಡಳು. ತಂದೆಯ ನಡತೆ ನೋಡಿ ಚಾನ್ಸರಿ ನ್ಯಾಯಾಲಯ 1827ರಲ್ಲಿ ಮಕ್ಕಳನ್ನು ಅವನ ವಶಕ್ಕೆ ಕೊಡಲು ಒಪ್ಪಲಿಲ್ಲ. ತಂದೆಯ ಹಕ್ಕಿಗಿಂತ ಮಕ್ಕಳ ಹಿತ ಮುಂದು ಎಂದು ವಾದಿಸುವ ವಕೀಲರು ಆಮೇಲೆ ಈ ತೀರ್ಪನ್ನು ಬಹುಕಾಲ ಎತ್ತಿ ಹಿಡಿದರು. ಈ ವಂಶದ ಎಷ್ಟೋ ಯುದ್ಧಗಳಿಗಿಂತ ಆ ಹೆಣ್ಣುಮಗಳಿಗಾದ ಅನ್ಯಾಯ ದೊಡ್ಡದು ಎಂದೇ ನಾನು ಭಾವಿಸುತ್ತೇನೆ. ವಂಶವೃಕ್ಷದಲ್ಲಿ ಅವಳದು ಒಂದು ಹೆಸರು, ಎರಡು ಇಸವಿ ಮಾತ್ರ ಆಗಬಾರದು.

ಹಳೇಕಡತ

ಈಗ ಅರ್ಲ್ ಪದವಿ ಹೇಗೆ ಹರಿಯಿತು ನೋಡೋಣ. ಪೆನ್ಸಿಲ್ ಹಿಡಿದುಕೊಳ್ಳಿ.

ಮಾರ್ನಿಂಗ್ಟನ್ನಿನ 1ನೇ ಅರ್ಲ್ ಗ್ಯಾರೆಟ್, 2ನೇ ಅರ್ಲ್ ರಿಚರ್ಡ್. 1842ರಲ್ಲಿ ರಿಚರ್ಡ್ ತೀರಿಕೊಂಡಾಗ ಅವನಿಗೆ ವಿವಾಹದೊಳಗೆ ಹುಟ್ಟಿದ ಮಕ್ಕಳಿರಲಿಲ್ಲ. ಮಾರ್ಕ್ವೆಸ್ ಪದವಿ ಅವನಿಗೂ ಅವನ ಗಂಡು ಸಂತಾನಕ್ಕೂ ಮಾತ್ರ ಕೊಟ್ಟದ್ದು, ಅಲ್ಲಿಗೇ ಅಳಿಯಿತು. ಅರ್ಲ್ ಪದವಿ ತಂದೆಗೆ ಕೊಟ್ಟದ್ದಾದ್ದರಿಂದ ತಂದೆಯ ಮುಂದಿನ ಮಗನಿಗೆ ಹೋಯಿತು: 3ನೇ ಅರ್ಲ್ ವಿಲಿಯಂ. ಅವನ ಮಗ 4ನೇ ಅರ್ಲ್, ಮೊಮ್ಮಗ 5ನೇ ಅರ್ಲ್. ಈ ಮೊಮ್ಮಗ 1863ರಲ್ಲಿ ಮದುವೆಯಾಗದೆ ತೀರಿಕೊಂಡ. ವಿಲಿಯಮನ ಗಂಡು ಸಾಲು ಮುಗಿಯಿತು. ತಾಳೆಗರಿ ಅವರು ಕೊಟ್ಟ ಕ್ರಮದಲ್ಲಿ ಮುಂದಿನವನು ಆರ್ಥರ್. ಅವನು 1852ರಲ್ಲೇ ತೀರಿಕೊಂಡಿದ್ದ, ಹಾಗಾಗಿ ಅವನ ಮಗ 2ನೇ ಡ್ಯೂಕ್ 6ನೇ ಅರ್ಲ್ ಆದ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ವಾಟರ್‌ಲೂ ಗೆದ್ದ ಆರ್ಥರ್ ಎಂದೂ ಅರ್ಲ್ ಆಫ್ ಮಾರ್ನಿಂಗ್ಟನ್ ಆಗಿರಲಿಲ್ಲ. ಇನ್ನೊಂದು, ಪ್ರತಿ ಪದವಿಗೂ ಎಣಿಕೆ ಬೇರೆ ಬೇರೆ ಶುರುವಾಗುತ್ತದೆ. 2ನೇ ಡ್ಯೂಕಿನಿಂದ ಈಚೆಗೆ ಡ್ಯೂಕ್ ಸಂಖ್ಯೆಗೆ ನಾಲ್ಕು ಸೇರಿಸಿದರೆ ಅರ್ಲ್ ಸಂಖ್ಯೆ ಬರುತ್ತದೆ. ಈಗಿನ 9ನೇ ಡ್ಯೂಕ್ 13ನೇ ಅರ್ಲ್. ನಿಮ್ಮ ಹಾಳೆಯಲ್ಲಿ ಈ ಲೆಕ್ಕ ತಾಳೆಯಾಗದಿದ್ದರೆ ನಡುವೆ ಯಾರನ್ನೋ ಬಿಟ್ಟಿದ್ದೀರಿ ಎಂದರ್ಥ.

ಕಾವೇರಿತೀರ

ಸರ್, ರಿಚರ್ಡನಿಗೆ ಮಕ್ಕಳಿದ್ದರು ಎಂದೂ ಓದಿದ್ದೇನೆ. ಮತ್ತೆ ಮಾರ್ಕ್ವೆಸ್ ಪದವಿ ಅಳಿದದ್ದು ಹೇಗೆ?

ತೆರೆದಬಾಗಿಲು

ಇದ್ದರು, ಐವರು. ತಾಯಿ ಯಾಸಂತ್ ಗೇಬ್ರಿಯೆಲ್ ರೋಲಾಂ, ಪ್ಯಾರಿಸಿನವಳು. ಇಬ್ಬರೂ ಮದುವೆಯಾದದ್ದು 1794ರ ನವೆಂಬರಿನಲ್ಲಿ, ಅಷ್ಟರಲ್ಲಿ ಐದೂ ಮಕ್ಕಳು ಹುಟ್ಟಿದ್ದವು. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ತಂದೆತಾಯಿ ಆಮೇಲೆ ಮದುವೆಯಾದರೂ ಮೊದಲು ಹುಟ್ಟಿದ ಮಕ್ಕಳಿಗೆ ವಾರಸುದಾರಿಕೆ ಬರುತ್ತಿರಲಿಲ್ಲ. 1926ರಲ್ಲಿ ಕಾನೂನು ಬದಲಾಯಿತು, ಆಗಲೂ ಇಂಥ ಪದವಿಗಳನ್ನು ಹೊರಗಿಟ್ಟರು. 1825ರಲ್ಲಿ ರಿಚರ್ಡ್ ಮೇರಿಯಾನ್ ಪ್ಯಾಟರ್ಸನ್ ಎಂಬ ಅಮೆರಿಕದ ವಿಧವೆಯನ್ನು ಮದುವೆಯಾದ, ಅವರಿಗೆ ಮಕ್ಕಳಾಗಲಿಲ್ಲ.

ಪದವಿ ಸಿಗದಿದ್ದರೇನು, ರಕ್ತ ಬಹಳ ದೂರ ಹರಿದಿದೆ. ಆ ಐವರಲ್ಲಿ ಆನ್ (1788–1875) ಎಂಬ ಮಗಳ ಸಾಲು ಹಿಡಿಯಿರಿ. ಮೊದಲ ಗಂಡ ಸರ್ ವಿಲಿಯಂ ಆಬ್ಡಿಯನ್ನು ಬಿಟ್ಟು ಲಾರ್ಡ್ ಚಾರ್ಲ್ಸ್ ಬೆಂಟಿಂಕ್‌ನೊಡನೆ ಹೋಗಿ 1816ರಲ್ಲಿ ಅವನನ್ನು ಮದುವೆಯಾದಳು. ಅವರ ಮಗ ಪಾದ್ರಿ ಚಾರ್ಲ್ಸ್ ಕ್ಯಾವೆಂಡಿಶ್-ಬೆಂಟಿಂಕ್ (1817–1865). ಅವನ ಮಗಳು ಸಿಸಿಲಿಯಾ (1862–1938), ಸ್ಟ್ರಾತ್‌ಮೋರ್‌ನ 14ನೇ ಅರ್ಲನ ಹೆಂಡತಿ. ಸಿಸಿಲಿಯಾಳ ಮಗಳು ಎಲಿಜಬೆತ್ ಬೋಸ್-ಲಿಯಾನ್ (1900–2002), ಆರನೇ ಜಾರ್ಜನ ರಾಣಿ. ಆಕೆಯ ಮಗಳು ಎರಡನೇ ಎಲಿಜಬೆತ್. ಮಾರ್ಕ್ವೆಸ್ ಪದವಿಗೆ ವಾರಸಿಲ್ಲವೆಂದ ಮನೆಯ ರಕ್ತ ಇಂದು ಮೂರನೇ ಚಾರ್ಲ್ಸ್ ಜೊತೆ ಸಿಂಹಾಸನದಲ್ಲಿದೆ.

ತಾಳೆಗರಿ

ಇಲ್ಲಿ ಎಡವಬಾರದು: ವಂಶಾವಳಿಯಲ್ಲಿ ಮೂವರು ಆನ್ ಇದ್ದಾರೆ. ರಿಚರ್ಡನ ತಂಗಿ ಲೇಡಿ ಆನ್ (1768–1844), ಮದುವೆಗೆ ಮೊದಲು ಹುಟ್ಟಿದ ಮಗಳು ಆನ್, 20ನೇ ಶತಮಾನದ ಲೇಡಿ ಆನ್ ರೀಸ್ (6ನೇ ಡ್ಯೂಕನ ಅಕ್ಕ). ರಿಚರ್ಡನ ತಾಯಿ ಆನ್ ಹಿಲ್‌ಳನ್ನೂ ಎಣಿಸಿದರೆ ನಾಲ್ವರು.

ಜೆರಾಲ್ಡರದ್ದು ಇನ್ನೂ ಕಷ್ಟ. ಜೆರಾಲ್ಡ್ ವಲೇರಿಯನ್ (1770–1848) ಐವರು ಅಣ್ಣತಮ್ಮಂದಿರಲ್ಲಿ ಪಾದ್ರಿಯಾದವನು. ಹೆನ್ರಿಯ ಮಗನೂ ಜೆರಾಲ್ಡ್ ವಲೇರಿಯನ್ (1809–1882), ಅವನೂ ಪಾದ್ರಿ, ವಿಂಡ್ಸರಿನ ಡೀನ್, ವಿಕ್ಟೋರಿಯಾ ರಾಣಿಗೆ ಆಪ್ತ. ಇಂದೋರಿನಲ್ಲಿ ರೆಸಿಡೆಂಟ್ (ಕಂಪನಿಯ ಪ್ರತಿನಿಧಿ) ಆಗಿದ್ದ ಜೆರಾಲ್ಡ್ ವೆಲ್ಲೆಸ್ಲಿ ಯಾಸಂತಳ ಮಗ. 7ನೇ ಡ್ಯೂಕ್ ಇನ್ನೊಬ್ಬ ಜೆರಾಲ್ಡ್ (1885–1972), ವಾಸ್ತುಶಿಲ್ಪಿ. ಹೆಸರು ಬರೆದ ತಕ್ಷಣ ತಂದೆಯ ಹೆಸರೂ ಹುಟ್ಟಿದ ಇಸವಿಯೂ ಪಕ್ಕದಲ್ಲಿ ಬೀಳಬೇಕು. ‘ಆಮೇಲೆ ತುಂಬೋಣ’ ಎಂದು ಬಿಟ್ಟರೆ ಇಬ್ಬರು ಪಾದ್ರಿಗಳೂ ಒಂದಾಗಿಬಿಡುತ್ತಾರೆ.

ಹೆನ್ರಿಯ ಕವಲನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅವನ ಮೊದಲ ಹೆಂಡತಿ ಷಾರ್ಲಟ್ ಕಡೋಗನ್ 1809ರಲ್ಲಿ ಹೆನ್ರಿ ಪ್ಯಾಜೆಟ್ ಜೊತೆ ಹೋದಳು, 1810ರಲ್ಲಿ ವಿಚ್ಛೇದನವಾಯಿತು. ಅದೇ ಪ್ಯಾಜೆಟ್ ವಾಟರ್‌ಲೂನಲ್ಲಿ ಆರ್ಥರನ ಕೈಕೆಳಗೆ ಅಶ್ವದಳ ನಡೆಸಿ ಕಾಲು ಕಳೆದುಕೊಂಡ. ಹೆನ್ರಿ 1828ರಲ್ಲಿ ಬ್ಯಾರನ್ ಕೌಲಿಯಾದ, ಮಗ 1857ರಲ್ಲಿ ಅರ್ಲ್ ಕೌಲಿ. ಇಬ್ಬರೂ ಪ್ಯಾರಿಸಿನಲ್ಲಿ ರಾಯಭಾರಿಗಳಾಗಿದ್ದರು. ಆ ‘ಕೌಲಿ’ ಹಳೆಯ ‘ಕಾಲಿ’ಯ ಇನ್ನೊಂದು ರೂಪ. 1728ರಲ್ಲಿ ಬಿಟ್ಟ ಕುಲನಾಮ ನೂರು ವರ್ಷಕ್ಕೆ ಪದವಿಯಾಗಿ ಮರಳಿತು.

ಟಂಕಶಾಲೆ

ಡ್ಯೂಕರ ಸಾಲನ್ನೂ ಯಾರಾದರೂ ಬಿಡಿಸಿ ಹೇಳಿ. ಅಲ್ಲಿ ತಂದೆಯಿಂದ ಮಗನಿಗೆ ನೇರವಾಗಿ ಹೋಗುವುದಿಲ್ಲ.

ಹಳೇಕಡತ

ಹೌದು, ಕೆಲವು ಕಡೆ ಅಡ್ಡ ಹೋಗುತ್ತದೆ. 1ನೇ ಡ್ಯೂಕ್ ಆರ್ಥರನಿಗೆ ಕಿಟ್ಟಿ ಪ್ಯಾಕನ್‌ಹ್ಯಾಮ್‌ಳಲ್ಲಿ ಇಬ್ಬರು ಗಂಡುಮಕ್ಕಳು. ಹಿರಿಯ ಆರ್ಥರ್ ರಿಚರ್ಡ್ 2ನೇ ಡ್ಯೂಕ್, ಮಕ್ಕಳಿಲ್ಲದೆ 1884ರಲ್ಲಿ ಹೋದ. ಕಿರಿಯ ಲಾರ್ಡ್ ಚಾರ್ಲ್ಸ್ 1858ರಲ್ಲೇ ತೀರಿಕೊಂಡಿದ್ದರಿಂದ ಅವನು ಡ್ಯೂಕ್ ಆಗಲೇ ಇಲ್ಲ, ಆದರೆ ಮುಂದಿನ ಎಲ್ಲ ಡ್ಯೂಕರೂ ಅವನ ಸಂತತಿ. ಅವನ ಮಗ ಹೆನ್ರಿ 3ನೇಯವನು, ಮಕ್ಕಳಿಲ್ಲ. 1900ರಲ್ಲಿ ತಮ್ಮ ಆರ್ಥರ್ ಚಾರ್ಲ್ಸ್ 4ನೇಯವನಾದ. ಅವನ ಮಗ 5ನೇಯವನ ಹೆಸರೂ ಆರ್ಥರ್ ಚಾರ್ಲ್ಸ್, ಮೊಮ್ಮಗ ಹೆನ್ರಿ 6ನೇಯವನು.

ಈ 6ನೇ ಡ್ಯೂಕ್ 1943ರಲ್ಲಿ ಇಟಲಿಯ ಸಲೆರ್ನೊದಲ್ಲಿ ಯುದ್ಧದಲ್ಲಿ ಸತ್ತ, 31 ವರ್ಷ, ಮದುವೆಯಾಗಿರಲಿಲ್ಲ. ಬ್ರಿಟಿಷ್ ಪದವಿ ಗಂಡಿಗೇ ಹೋಗಬೇಕು. ಆದ್ದರಿಂದ 4ನೇ ಡ್ಯೂಕನ ಮಕ್ಕಳ ಸಾಲಿಗೆ ಹಿಂತಿರುಗಬೇಕಾಯಿತು. ಎರಡನೇ ಮಗ ಲಾರ್ಡ್ ರಿಚರ್ಡ್ 1914ರಲ್ಲೇ ಯುದ್ಧದಲ್ಲಿ ಮಡಿದಿದ್ದ, ಗಂಡುಮಕ್ಕಳಿರಲಿಲ್ಲ. ಮೂರನೇ ಮಗ ಜೆರಾಲ್ಡ್ 7ನೇ ಡ್ಯೂಕ್ ಆದ. ಆದರೆ ಸ್ಪೇನ್ 1812ರಲ್ಲಿ ಆರ್ಥರನಿಗೆ ಕೊಟ್ಟ ಸಿಯುದಾದ್ ರೊಡ್ರಿಗೊ ಡ್ಯೂಕ್ ಪದವಿಗೆ ಸ್ಪೇನಿನ ಕಟ್ಟಳೆ, ಅಲ್ಲಿ ಹೆಣ್ಣಿಗೂ ಹಕ್ಕಿದೆ. ಅದು ಸತ್ತವನ ಅಕ್ಕ ಲೇಡಿ ಆನ್ ರೀಸ್‌ಗೆ ಬಂತು. ಆಕೆ 1949ರಲ್ಲಿ ಅದನ್ನು ಚಿಕ್ಕಪ್ಪ ಜೆರಾಲ್ಡನಿಗೆ ಬಿಟ್ಟುಕೊಟ್ಟಳು. ಆ ಆರು ವರ್ಷ ಎರಡು ಪದವಿ ಎರಡು ಕೈಯಲ್ಲಿದ್ದವು. ಅಲ್ಲಿ ಎರಡು ಬಣ್ಣದ ಗೆರೆ ಹಾಕಿ.

8ನೇಯವರು ಜೆರಾಲ್ಡನ ಮಗ ವಲೇರಿಯನ್, 2014ರ ಡಿಸೆಂಬರ್ 31ರಂದು ತೀರಿಕೊಂಡರು. 9ನೇಯವರು ಅವರ ಮಗ ಚಾರ್ಲ್ಸ್. ಹಿರಿಯ ಮಗನನ್ನು ಮಾರ್ಕ್ವೆಸ್ ಆಫ್ ಡೌರೊ ಎಂದು, ಅವನ ಹಿರಿಯ ಮಗನನ್ನು ಅರ್ಲ್ ಆಫ್ ಮಾರ್ನಿಂಗ್ಟನ್ ಎಂದು ಮರ್ಯಾದೆಗೆ ಕರೆಯುತ್ತಾರೆ. ಅದು ಕರೆಯುವ ಹೆಸರು ಅಷ್ಟೇ, ನಿಜವಾದ ಅರ್ಲ್ ಡ್ಯೂಕರೇ. ಹೀಗೆ ಮರ್ಯಾದೆಗೆ ಕರೆಸಿಕೊಳ್ಳುವವರಿಗೆ ಸಂಖ್ಯೆ ಹಾಕಬೇಡಿ.

ಹ್ಯಾಂಪ್‌ಶೈರಿನ ಸ್ಟ್ರಾಟ್‌ಫೀಲ್ಡ್ ಸೇ ಎಸ್ಟೇಟು ಇನ್ನೂ ಅವರದೇ. ಅದಕ್ಕೆ ಗೇಣಿ ಏನು ಗೊತ್ತೇ? ಪ್ರತಿ ವರ್ಷ ವಾಟರ್‌ಲೂ ಗೆದ್ದ ದಿನವಾದ ಜೂನ್ 18ರ ಮಧ್ಯಾಹ್ನದೊಳಗೆ ವಿಂಡ್ಸರ್ ಕೋಟೆಗೆ ರೇಷ್ಮೆಯ ಒಂದು ಫ್ರೆಂಚ್ ತ್ರಿವರ್ಣ ಧ್ವಜ ತಲುಪಿಸಬೇಕು.

ತೆರೆದಬಾಗಿಲು

ಊರು, ದ್ವೀಪಗಳ ಹೆಸರಿಗೂ ಒಂದು ಸೂತ್ರ ಇದೆ. ‘ವೆಲ್ಲಿಂಗ್ಟನ್’ ಎಂದಿದ್ದರೆ ಆರ್ಥರ್: ನ್ಯೂಜಿಲೆಂಡಿನ ರಾಜಧಾನಿ, ನೀಲಗಿರಿಯ ಜಕ್ಕತಲದಲ್ಲಿ ಆದ ವೆಲ್ಲಿಂಗ್ಟನ್ ದಂಡು. 1800ರಿಂದ 1805ರ ಸುಮಾರಿನಲ್ಲಿ ‘ವೆಲ್ಲೆಸ್ಲಿ’ ಎಂದು ಇಟ್ಟಿದ್ದರೆ ಸಾಧಾರಣವಾಗಿ ರಿಚರ್ಡ್: ಮಲಯಾದ ಪ್ರಾವಿನ್ಸ್ ವೆಲ್ಲೆಸ್ಲಿ, ಆಸ್ಟ್ರೇಲಿಯದ ಉತ್ತರಕ್ಕಿರುವ ವೆಲ್ಲೆಸ್ಲಿ ದ್ವೀಪಗಳು. ಆ ದ್ವೀಪಗಳಲ್ಲಿ ದೊಡ್ಡದರ ಹೆಸರು ಮಾರ್ನಿಂಗ್ಟನ್.

ಕಾವೇರಿತೀರ

ಕೊನೆಯದಾಗಿ ಎರಡು ಪ್ರಶ್ನೆ. ಟಿಪ್ಪು ಮಡಿದ ಮೇಲೆ ಕಂಪನಿಯ ವಿರುದ್ಧ ದಂಡೆದ್ದ ಧೋಂಡಿಯ ವಾಘನ ಹುಡುಗ ಸಲಾಬತ್ ಖಾನನನ್ನು ಆರ್ಥರನ ಮಕ್ಕಳ ಸಾಲಿನಲ್ಲಿ ಹಾಕಬಹುದೇ? ಆರ್ಥರ್ ಹುಟ್ಟಿದ ದಿನ ಯಾವುದು?

ತಾಳೆಗರಿ

ಸಲಾಬತ್ ಖಾನನನ್ನು ಹಾಕುವಂತಿಲ್ಲ. 1800ರ ಸೆಪ್ಟೆಂಬರ್ 10ರಂದು ಧೋಂಡಿಯ ಸತ್ತ ಮೇಲೆ ಸಾಮಾನಿನ ನಡುವೆ ಸಿಕ್ಕ ಹುಡುಗನನ್ನು ಆರ್ಥರ್ ಸಾಕಿಸಿದ, 1805ರಲ್ಲಿ ಹೋಗುವಾಗ ಅವನಿಗೆಂದು ಹಣ ಇಟ್ಟ. ಹುಡುಗ ಮುಂದೆ ಮೈಸೂರು ಮಹಾರಾಜರ ಸೇವೆಗೆ ಸೇರಿದ. ಅದು ಪೋಷಣೆ, ದತ್ತು ಅಲ್ಲ. ಅಡಿಟಿಪ್ಪಣಿಯಲ್ಲಿ ಅವನ ಹೆಸರು ಖಂಡಿತ ಇರಲಿ.

ಹುಟ್ಟಿದ ದಿನ ಎಂದು ಆರ್ಥರ್ ಆಚರಿಸುತ್ತಿದ್ದದ್ದು 1769ರ ಮೇ 1. ಡಬ್ಲಿನ್ನಿನ ಸೇಂಟ್ ಪೀಟರ್ ಚರ್ಚಿನ ದಾಖಲೆಯಲ್ಲಿ ನಾಮಕರಣ ಏಪ್ರಿಲ್ 30ಕ್ಕೇ ಆದಂತೆ ಇದೆ. ಹುಟ್ಟುವ ಮೊದಲೇ ನಾಮಕರಣ ಆಗುವುದುಂಟೇ! ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಬೇಡಿ, ಎರಡನ್ನೂ ಬರೆದು ಯಾವುದು ಎಲ್ಲಿಯದು ಎಂದು ಗುರುತು ಹಾಕಿ.

ಹಳೇಕಡತ

ಬೆಂಟಿಂಕ್ ಮದುವೆಯ ಗೆರೆ ಎಳೆಯುವಾಗ ಪಕ್ಕದಲ್ಲಿ ಒಂದಿಷ್ಟು ಜಾಗ ಬಿಡಿ. ಆನ್‌ಳ ಗಂಡ ಲಾರ್ಡ್ ಚಾರ್ಲ್ಸ್ ಬೆಂಟಿಂಕ್‌ನ ಅಣ್ಣನೇ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್. 1799ರಲ್ಲಿ ಐದು ವರ್ಷದ ಕೃಷ್ಣರಾಜ ಒಡೆಯರನ್ನು ಗದ್ದುಗೆಗೆ ಕೂರಿಸುವ ಏರ್ಪಾಡಿಗೆ ಒಪ್ಪಿಗೆ ಕೊಟ್ಟವನು ಆನ್‌ಳ ತಂದೆ. 1831ರಲ್ಲಿ ಅದೇ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡವನು ಆನ್‌ಳ ಭಾವ.